ಮೊತ್ತ ಮತ್ತು ನಮೂದು: ವಿಷದ ಲೆಕ್ಕದ ಒಂದು ವಿಮರ್ಶೆ

1

ಕನ್ನಡದಲ್ಲಿ ಶಾಸನವೆಂಬ ಮಾತಿಗೆ ಎರಡು ಅರ್ಥಗಳು ಬಳಕೆಯಲ್ಲಿವೆ. ಕಲ್ಲಿನ ಮೇಲೆಯೋ ತಾಮ್ರಪಟದ ಮೇಲೆಯೋ ಕೊರೆದಿಟ್ಟ ಬರಹವೂ ಶಾಸನವೇ. ಜನಪ್ರತಿನಿಧಿಗಳ ಸಭೆ ಅಂಗೀಕರಿಸಿದ ಕಾನೂನೂ ಶಾಸನವೇ. ಈ ಎರಡರ ನಡುವಣ ನಂಟು ಬರಿಯ ಶಬ್ದದ ನಂಟಲ್ಲ. ಹಳೆಯ ದಾನಶಾಸನಗಳನ್ನು ಓದಿದವರು ಬಲ್ಲಂತೆ, ಅರಸನ ವಂಶಾವಳಿ ಬಿರುದಾವಳಿಗಳು ಸಂಸ್ಕೃತದಲ್ಲಿ ಸಾಗುವ ಹಲವು ತಾಮ್ರಪಟಗಳಲ್ಲಿ, ದತ್ತಿಯ ಭೂಮಿಯ ಎಲ್ಲೆಯನ್ನು ಹೇಳುವ ಸ್ಥಳ ಬಂದೊಡನೆ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಮೂಡಣ ದಿಕ್ಕಿಗೆ ಯಾವ ಕಲ್ಲು, ತೆಂಕಣ ದಿಕ್ಕಿಗೆ ಯಾವ ಹಳ್ಳ, ಪಡುವಣ ದಿಕ್ಕಿಗೆ ಯಾವ ಮರ ಎಂಬುದು ಊರವರಿಗೆ ತಿಳಿದಿರಬೇಕು. ತಿಳಿಯದಿದ್ದಲ್ಲಿ, ಮುಂದೊಂದು ದಿನ ಎಲ್ಲೆ ಜರುಗಿದಾಗ ಸಾಕ್ಷಿ ನುಡಿಯುವವರು ಇರುವುದಿಲ್ಲ. ಪ್ರಶಸ್ತಿ ಲೋಕಕ್ಕಾಗಿ, ಎಲ್ಲೆಯ ವಿವರ ಊರಿಗಾಗಿ ಎಂಬ ವಿವೇಕ ಆ ಬರಹಗಾರರಿಗಿತ್ತು.

ಸಾರ್ವಜನಿಕ ದಾಖಲೆಯ ಸ್ವರೂಪವನ್ನು ಕುರಿತ ಈ ಹಳೆಯ ತಿಳಿವಳಿಕೆ ಇಂದಿನ ಕಾಲದ ಒಂದು ಶಾಸನವನ್ನು ಪರೀಕ್ಷಿಸುವುದಕ್ಕೆ ಒರೆಗಲ್ಲಾಗಬಲ್ಲದು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ 1986ರ ಅಕ್ಟೋಬರ್ 17ರಂದು ಅಧ್ಯಕ್ಷ ರೇಗನ್ ಅವರ ಅಂಕಿತ ಪಡೆದ ಆ ಕಾಯಿದೆಯ ಹೆಸರನ್ನು ಕನ್ನಡದಲ್ಲಿ, ತುರ್ತು ಯೋಜನೆ ಮತ್ತು ಜನಸಮುದಾಯದ ತಿಳಿಯುವ ಹಕ್ಕಿನ ಕಾಯಿದೆ ಎಂದು ಹೇಳಬಹುದು. ಅದರ 313ನೆಯ ಕಲಮಿನಿಂದ ಹುಟ್ಟಿದ್ದು, ಟಾಕ್ಸಿಕ್ಸ್ ರಿಲೀಸ್ ಇನ್ವೆಂಟರಿ ಎಂಬ ಹೆಸರಿನ ವಿಷವಿಸರ್ಜನೆಯ ಪಟ್ಟಿ. ಯಾವ ಕಾರ್ಖಾನೆ ಯಾವ ವಿಷವಸ್ತುವನ್ನು ವರ್ಷವೊಂದರಲ್ಲಿ ಎಷ್ಟು ಪ್ರಮಾಣದಲ್ಲಿ ಗಾಳಿಗೆ, ನೀರಿಗೆ, ನೆಲಕ್ಕೆ ಬಿಟ್ಟಿತೆಂಬುದನ್ನು ಯಾರು ಬೇಕಾದರೂ ಓದಬಹುದಾದ ಲೆಕ್ಕಪತ್ರವದು. ಈ ಲೆಕ್ಕಪತ್ರದ ಗುಣ ಯಾವುದು, ದೋಷ ಯಾವುದು, 2006ರಲ್ಲಿ ಅದನ್ನು ಮೊಟಕುಗೊಳಿಸಿದ ಕ್ರಮದಲ್ಲಿ ಅಡಗಿದ್ದ ತಪ್ಪು ಎಂಥದು, ಆ ತಪ್ಪಿನಿಂದ ಭಾರತ ಕಲಿಯಬೇಕಾದುದೇನು ಎಂಬುದು ಇಲ್ಲಿಯ ವಿಚಾರ.

2

ಆ ಕಾಯಿದೆಯ ಬೇರು ಇರುವುದು ಭಾರತದ ನೆಲದಲ್ಲಿ. 1984ರ ಡಿಸೆಂಬರ್ 2 ಮತ್ತು 3ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ, ಮಲಗಿದ್ದ ಸಾವಿರಾರು ಜನರನ್ನು ಕೊಂದಿತು. ಆ ಅನಿಷ್ಟದ ಕಥೆಯಲ್ಲಿ ಅನಿಲದಷ್ಟೇ ಮಾರಕವಾದುದು ಅಜ್ಞಾನ. ಗೋಡೆಯಾಚೆಯ ತೊಟ್ಟಿಯಲ್ಲಿ ಏನಿದೆಯೆಂದು ಸುತ್ತಣ ಬಸ್ತಿಗಳ ಜನರಿಗೆ ತಿಳಿದಿರಲಿಲ್ಲ. ಓಡಬೇಕೆ, ಬಾಗಿಲು ಮುಚ್ಚಿಕೊಳ್ಳಬೇಕೆ, ಒದ್ದೆಯ ಬಟ್ಟೆಯನ್ನು ಮುಖಕ್ಕೆ ಹಿಡಿಯಬೇಕೆ ಎಂದು ಹೇಳಿಕೊಟ್ಟವರಿರಲಿಲ್ಲ. ಆಸ್ಪತ್ರೆಯ ವೈದ್ಯರಿಗೂ ತಾವು ಚಿಕಿತ್ಸೆ ಮಾಡಬೇಕಾದುದು ಯಾವ ವಿಷಕ್ಕೆಂಬುದು ಸ್ಪಷ್ಟವಿರಲಿಲ್ಲ.

ತಿಳಿವಳಿಕೆ ಎಲ್ಲಿಯೂ ಇರಲಿಲ್ಲವೆಂದಲ್ಲ. 1982ರ ಮೇ ತಿಂಗಳಿನಲ್ಲಿ ಮಾತೃಸಂಸ್ಥೆಯ ಪರಿಶೀಲಕರೇ ಬಂದು ಕಾರ್ಖಾನೆಯ ಸುರಕ್ಷತೆಯಲ್ಲಿನ ಕೊರತೆಗಳನ್ನು ಬರೆದಿಟ್ಟಿದ್ದರು. ಭೋಪಾಲದ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿಯವರು ದುರಂತಕ್ಕೆ ಎರಡು ವರ್ಷ ಮೊದಲಿನಿಂದಲೂ ಪತ್ರಿಕೆಗಳಲ್ಲಿ ಎಚ್ಚರಿಕೆಯ ಲೇಖನಗಳನ್ನು ಬರೆಯುತ್ತಿದ್ದರು. ಮೊದಲನೆಯ ಬರಹ ಕಂಪೆನಿಯ ಕಡತದಲ್ಲಿ ಉಳಿಯಿತು. ಎರಡನೆಯದಕ್ಕೆ ಆಧಾರವಾಗಿ ನಿಲ್ಲಬಲ್ಲ ಅಧಿಕೃತ ದಾಖಲೆ ಜನರ ಕೈಯಲ್ಲಿರಲಿಲ್ಲ. ಬಲ್ಲವರು ಹೇಳಲಿಲ್ಲ, ಹೇಳಿದವರನ್ನು ನಂಬಲು ಆಧಾರವಿರಲಿಲ್ಲ; ಈ ಎರಡರ ನಡುವಿನ ಕಂದರದಲ್ಲಿ ಒಂದು ನಗರ ಬಿದ್ದಿತು.

ಅದೇ ಕಂಪೆನಿ ಅದೇ ರಾಸಾಯನಿಕವನ್ನು ಪಶ್ಚಿಮ ವರ್ಜೀನಿಯಾದ ಇನ್‌ಸ್ಟಿಟ್ಯೂಟ್ ಎಂಬ ಊರಿನಲ್ಲಿಯೂ ತಯಾರಿಸುತ್ತಿತ್ತು. 1985ರ ಆಗಸ್ಟ್ 11ರಂದು ಅಲ್ಲಿಯ ಕಾರ್ಖಾನೆಯಿಂದ ಬೇರೊಂದು ವಿಷವಸ್ತು ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆಯನ್ನು ಸೇರಿದರು. ಭೋಪಾಲದ ದುರಂತ ದೂರದ ದೇಶದ್ದೆಂಬ ಭಾವನೆ ಅಮೆರಿಕದವರಲ್ಲಿ ಆ ದಿನಕ್ಕೆ ಮುಗಿಯಿತು. ಮರುವರ್ಷ ಕಾಯಿದೆ ಬಂದಿತು. ಭೋಪಾಲದಲ್ಲಿ ಪ್ರಾಣಕೊಟ್ಟವರ ನೆನಪಿಗೆ ಅಮೆರಿಕದಲ್ಲಿ ನಿಂತ ಶಾಸನ ಇದೆಂದರೆ ಅತಿಶಯೋಕ್ತಿಯಾಗಲಾರದು; ಅವರ ಹೆಸರು ಅದರಲ್ಲಿಲ್ಲ ಎಂಬುದಷ್ಟೇ ವ್ಯತ್ಯಾಸ.

3

ಕಾಯಿದೆಯ ರಚನೆ ಸರಳವಾಗಿದೆ. ಹತ್ತು ಅಥವಾ ಹೆಚ್ಚು ಪೂರ್ಣಕಾಲದ ನೌಕರರಿರುವ, ಗೊತ್ತುಪಡಿಸಿದ ವರ್ಗಗಳಿಗೆ ಸೇರಿದ ಕಾರ್ಖಾನೆ, ಪಟ್ಟಿಯಲ್ಲಿ ಹೆಸರಿಸಿದ ರಾಸಾಯನಿಕವೊಂದನ್ನು ವರ್ಷಕ್ಕೆ 25,000 ಪೌಂಡುಗಳಿಗಿಂತ ಹೆಚ್ಚು ತಯಾರಿಸಿದರೆ ಅಥವಾ ಸಂಸ್ಕರಿಸಿದರೆ, ಇಲ್ಲವೆ 10,000 ಪೌಂಡುಗಳಿಗಿಂತ ಹೆಚ್ಚಾಗಿ ಬೇರೆ ರೀತಿಯಲ್ಲಿ ಬಳಸಿದರೆ, ಆ ರಾಸಾಯನಿಕಕ್ಕೆ ಒಂದರಂತೆ ವಿವರಪತ್ರ ಸಲ್ಲಿಸತಕ್ಕದ್ದು. ಗಾಳಿಗೆ ಹೋದುದೆಷ್ಟು, ಹೊಳೆಗೆ ಹೋದುದೆಷ್ಟು, ನೆಲದಲ್ಲಿ ಹೂಳಿದುದೆಷ್ಟು, ಬೇರೆಡೆಗೆ ಸಾಗಿಸಿದುದೆಷ್ಟು ಎಂಬುದೆಲ್ಲ ಅದರಲ್ಲಿ ಬೇರೆ ಬೇರೆಯಾಗಿ ನಮೂದಾಗಬೇಕು. ಹೀಗೆ ಬಂದ ವಿವರಗಳನ್ನು ಸರಕಾರ ಕಂಪ್ಯೂಟರಿನ ಮೂಲಕ ಜನರಿಗೆ ದೊರಕಿಸಬೇಕೆಂದು ಕಾಯಿದೆಯೇ ವಿಧಿಸಿತು. 1987ರ ವರ್ಷದ ಲೆಕ್ಕ 1989ರಲ್ಲಿ ಸಾರ್ವಜನಿಕರ ಮುಂದೆ ಬಂದಿತು.

ಈ ಕಲಮು ಯಾವ ವಿಸರ್ಜನೆಯನ್ನೂ ನಿಷೇಧಿಸುವುದಿಲ್ಲ, ಯಾವ ಮಿತಿಯನ್ನೂ ಹೇರುವುದಿಲ್ಲ ಎಂಬುದು ಗಮನಾರ್ಹ. ಬಿಟ್ಟುದನ್ನು ಹೇಳು ಎಂಬಷ್ಟೇ ಅದರ ಆಜ್ಞೆ. ಆದರೂ ಅದರ ಪರಿಣಾಮ ಮಿತಿ ಹೇರಿದ ಕಾನೂನುಗಳಿಗಿಂತ ಕಡಿಮೆಯಾಗಲಿಲ್ಲ. ಮೊದಲ ಲೆಕ್ಕ ಪ್ರಕಟವಾಗುವುದಕ್ಕೆ ಮುಂಚೆಯೇ, 1988ರಲ್ಲಿ, ಮೊನ್ಸಾಂಟೊ ಕಂಪೆನಿಯ ಅಧ್ಯಕ್ಷ ರಿಚರ್ಡ್ ಮಹೋನಿಯವರು ತಮ್ಮ ಕಾರ್ಖಾನೆಗಳು ಗಾಳಿಗೆ ಬಿಡುವ ವಿಷವನ್ನು 1992ರ ಕೊನೆಯ ಹೊತ್ತಿಗೆ ಶೇಕಡ 90ರಷ್ಟು ತಗ್ಗಿಸುವುದಾಗಿ ಘೋಷಿಸಿದರು. ಆ ಮಾತನ್ನು ಆಡಿಸಿದ್ದು ದಂಡದ ಭಯವಲ್ಲ, ಲೆಕ್ಕ ಬಯಲಾಗುವ ಸಂಕೋಚ. ತನ್ನದೇ ಜಮಾಖರ್ಚನ್ನು ಒಟ್ಟುಗೂಡಿಸಿ ನೋಡುವವರೆಗೆ ಕಂಪೆನಿಗೂ ತಾನು ಕಳೆದುಕೊಳ್ಳುತ್ತಿರುವ ಸರಕಿನ ಪ್ರಮಾಣ ಸ್ಪಷ್ಟವಾಗಿರುವುದಿಲ್ಲ. ಚಿಮಣಿಯಿಂದ ಹೋದುದು ಜನರಿಗೆ ವಿಷ, ಒಡೆಯನಿಗೆ ನಷ್ಟ. ಲೆಕ್ಕವಿಟ್ಟಾಗ ಎರಡೂ ಒಂದೇ ಪುಟದಲ್ಲಿ ಕಾಣುತ್ತವೆ.

ಹಾಗೆಂದು ಈ ಲೆಕ್ಕಪತ್ರವನ್ನು ನಿರ್ದುಷ್ಟವೆಂದು ಹೊಗಳುವುದು ವಿಮರ್ಶೆಯಾಗದು. ಅದರಲ್ಲಿಯ ಅಂಕಿಗಳಲ್ಲಿ ಬಹುಪಾಲು ಅಳೆದವಲ್ಲ, ಅಂದಾಜು ಮಾಡಿದವು. ಅಂದಾಜು ಮಾಡುವವರೂ ಕಾರ್ಖಾನೆಯವರೇ. ಲೆಕ್ಕ ಇರುವುದು ತೂಕದಲ್ಲಿ, ವಿಷದ ತೀಕ್ಷ್ಣತೆಯಲ್ಲಿ ಅಲ್ಲ. ಅಲ್ಪಪ್ರಮಾಣದ ಉಗ್ರವಿಷ ಬಹುಪ್ರಮಾಣದ ಸೌಮ್ಯವಿಷದ ಮುಂದೆ ಚಿಕ್ಕದಾಗಿ ತೋರುತ್ತದೆ. ಯಾರ ಉಸಿರಿಗೆ ಎಷ್ಟು ಸೇರಿತೆಂಬುದನ್ನು ಅದು ಹೇಳಲಾರದು. ವರ್ಷದಿಂದ ವರ್ಷಕ್ಕೆ ಕಂಡುಬಂದ ಇಳಿಕೆಯಲ್ಲಿ ಸ್ವಲ್ಪ ಭಾಗ ಲೆಕ್ಕಹಾಕುವ ಕ್ರಮ ಬದಲಾದುದರಿಂದ ಬಂದ ಕಾಗದದ ಇಳಿಕೆಯೆಂದು ಅಲ್ಲಿಯ ವಿಮರ್ಶಕರೇ ತೋರಿಸಿದ್ದಾರೆ. ಈ ದೋಷಗಳೆಲ್ಲ ನಿಜ. ಆದರೆ ಇವು ಲೆಕ್ಕವನ್ನು ತಿದ್ದಲು ಕಾರಣಗಳೇ ಹೊರತು ಮುಚ್ಚಲು ಕಾರಣಗಳಲ್ಲ. ತೆರೆದಿಟ್ಟ ಲೆಕ್ಕದ ತಪ್ಪನ್ನು ಒಬ್ಬರಲ್ಲ ಒಬ್ಬರು ಕಂಡುಹಿಡಿಯುತ್ತಾರೆ. ಮುಚ್ಚಿಟ್ಟ ಲೆಕ್ಕ ಸರಿಯಾಗಿದ್ದರೂ ಯಾರಿಗೂ ಉಪಯೋಗವಿಲ್ಲ.

4

ಈ ಪಟ್ಟಿಗೆ ಒದಗಿದ ದೊಡ್ಡ ಕಂಟಕ ಶತ್ರುಗಳಿಂದ ಬರಲಿಲ್ಲ, ಅದನ್ನು ಕಾಪಾಡಬೇಕಾದ ಪರಿಸರ ರಕ್ಷಣಾ ಸಂಸ್ಥೆಯಿಂದಲೇ ಬಂದಿತು. ಅಲ್ಪಪ್ರಮಾಣದ ವಿಷ ನಿರ್ವಹಿಸುವ ಕಾರ್ಖಾನೆಗಳಿಗಾಗಿ 1994ರಲ್ಲಿಯೇ ಒಂದು ಸಂಕ್ಷಿಪ್ತ ಪತ್ರ ಬಂದಿತ್ತು. ಅದರಲ್ಲಿ ರಾಸಾಯನಿಕದ ಹೆಸರಿರುತ್ತದೆ. ಎಷ್ಟು ಬಿಟ್ಟರು, ಎಲ್ಲಿಗೆ ಬಿಟ್ಟರು ಎಂಬುದಿರುವುದಿಲ್ಲ. ಈ ರಿಯಾಯಿತಿಗೆ ವರ್ಷಕ್ಕೆ 500 ಪೌಂಡು, ಎಂದರೆ ಸುಮಾರು 227 ಕಿಲೋಗ್ರಾಂ, ಮಿತಿಯಾಗಿತ್ತು. 2005ರಲ್ಲಿ ಸಂಸ್ಥೆಯು ಈ ಮಿತಿಯನ್ನು 5,000 ಪೌಂಡುಗಳಿಗೆ ಏರಿಸುವ ಪ್ರಸ್ತಾಪವನ್ನು ಮುಂದಿಟ್ಟಿತು. ಪ್ರತಿವರ್ಷದ ಲೆಕ್ಕವನ್ನು ಎರಡು ವರ್ಷಕ್ಕೊಮ್ಮೆ ಪಡೆಯುವ ಆಲೋಚನೆಯನ್ನೂ ಹೊರಗೆಡವಿತು. ಒಂದು ಲಕ್ಷಕ್ಕೂ ಮಿಕ್ಕ ಸಾರ್ವಜನಿಕ ಅಭಿಪ್ರಾಯಗಳು ಬಂದವು. ಅವುಗಳಲ್ಲಿ ಬಹುಮಟ್ಟಿನವು ವಿರೋಧವಾಗಿದ್ದವು. ಎರಡು ವರ್ಷಕ್ಕೊಮ್ಮೆ ಎಂಬ ಆಲೋಚನೆಯನ್ನು ಕೈಬಿಡಲಾಯಿತು. ಆದರೆ 2006ರ ಡಿಸೆಂಬರಿನ ಅಂತಿಮ ನಿಯಮದಲ್ಲಿ 5,000 ಪೌಂಡುಗಳ ಮಿತಿ ಉಳಿಯಿತು. ಅದರಲ್ಲಿ 2,000 ಪೌಂಡುಗಳವರೆಗೆ, ಎಂದರೆ ಸುಮಾರು 907 ಕಿಲೋಗ್ರಾಂವರೆಗೆ, ನೇರವಾಗಿ ಪರಿಸರಕ್ಕೆ ಬಿಟ್ಟರೂ ಪ್ರಮಾಣ ಹೇಳಬೇಕಾಗಿಲ್ಲವೆಂದಾಯಿತು.

ಸಂಸ್ಥೆಯ ಸಮರ್ಥನೆಯಲ್ಲಿ ಎರಡು ವಾದಗಳಿದ್ದವು. ಕಾರ್ಖಾನೆಗಳ ಬರವಣಿಗೆಯ ಹೊರೆ ಇಳಿಯುತ್ತದೆಂಬುದು ಒಂದು. ದೇಶದ ಒಟ್ಟು ವಿಸರ್ಜನೆಯಲ್ಲಿ ಶೇಕಡ 99ಕ್ಕೂ ಹೆಚ್ಚಿನದರ ವಿವರ ಮೊದಲಿನಂತೆಯೇ ದೊರೆಯುವುದರಿಂದ ಯಾವ ಹಾನಿಯೂ ಇಲ್ಲವೆಂಬುದು ಇನ್ನೊಂದು. ಮೊದಲನೆಯ ವಾದದ ಬೆಲೆಯನ್ನು ಸಂಸ್ಥೆಯೇ ಕಟ್ಟಿತ್ತು: ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 59 ಲಕ್ಷ ಡಾಲರುಗಳ ಉಳಿತಾಯ. ಕಾಂಗ್ರೆಸ್ಸಿನ ಪರವಾಗಿ ಲೆಕ್ಕ ನೋಡುವ ಗವರ್ನ್‌ಮೆಂಟ್ ಅಕೌಂಟೆಬಿಲಿಟಿ ಆಫೀಸು 2007ರಲ್ಲಿ ಇದನ್ನು ಪರಿಶೀಲಿಸಿ, ಕಾರ್ಖಾನೆಯೊಂದಕ್ಕೆ ಸರಾಸರಿ ವರ್ಷಕ್ಕೆ 900 ಡಾಲರೂ ಉಳಿಯದೆಂದು ತೋರಿಸಿತು. ಪ್ರತಿಯಾಗಿ, 3,500ಕ್ಕೂ ಹೆಚ್ಚು ಕಾರ್ಖಾನೆಗಳು ಪ್ರಮಾಣದ ವಿವರ ಕೊಡುವುದನ್ನೇ ನಿಲ್ಲಿಸಬಹುದೆಂದು ಅದು ಎಚ್ಚರಿಸಿತು.

ಎರಡನೆಯ ವಾದವೇ ಹೆಚ್ಚು ಸೂಕ್ಷ್ಮವಾದುದು, ಆದುದರಿಂದ ಹೆಚ್ಚು ಅಪಾಯಕಾರಿಯಾದುದು. ಅದರಲ್ಲಿ ಸುಳ್ಳಿಲ್ಲ. ಒಟ್ಟು ಮೊತ್ತದಲ್ಲಿ ಶೇಕಡ ಒಂದಕ್ಕಿಂತ ಕಡಿಮೆ ಕಾಣೆಯಾದರೆ ಮೊತ್ತ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಯಾವ ಮನುಷ್ಯನೂ ದೇಶದ ಒಟ್ಟು ಮೊತ್ತವನ್ನು ಉಸಿರಾಡುವುದಿಲ್ಲ. ತನ್ನ ಬೀದಿಯ ಗಾಳಿಯನ್ನು ಉಸಿರಾಡುತ್ತಾನೆ. ಸಣ್ಣ ಊರೊಂದರ ಏಕೈಕ ಕಾರ್ಖಾನೆ ವರ್ಷಕ್ಕೆ 900 ಕಿಲೋಗ್ರಾಂ ವಿಷದ್ರಾವಕವನ್ನು ಗಾಳಿಗೆ ಬಿಟ್ಟರೆ, ದೇಶದ ಲೆಕ್ಕದಲ್ಲಿ ಅದು ದಶಾಂಶದ ಬಲಕ್ಕೆ ಎಲ್ಲಿಯೋ ಕರಗಿಹೋಗುವ ಅಂಕಿ. ಆ ಊರಿನ ಲೆಕ್ಕದಲ್ಲಿ ಅದೇ ಎಲ್ಲ. ಮೊತ್ತ ಸರಕಾರಕ್ಕೆ ಬೇಕಾದುದು, ನಮೂದು ನೆರೆಮನೆಯವನಿಗೆ ಬೇಕಾದುದು. ಕಾಯಿದೆ ಹುಟ್ಟಿದ್ದು ನೆರೆಮನೆಯವನಿಗಾಗಿ; ಜನಸಮುದಾಯದ ತಿಳಿಯುವ ಹಕ್ಕು ಎಂದು ಅದರ ಹೆಸರೇ ಸಾರುತ್ತದೆ. ಹೀಗಿರಲು, ಮೊತ್ತ ಕೆಡಲಿಲ್ಲವೆಂಬುದನ್ನೇ ನೆಪಮಾಡಿ ನಮೂದನ್ನು ಅಳಿಸುವುದು, ಪ್ರಶಸ್ತಿ ಪೂರ್ಣವಾಗಿ ಉಳಿದಿದೆಯಲ್ಲ ಎಂದು ಹೇಳಿ ಶಾಸನದಿಂದ ಎಲ್ಲೆಯ ಸಾಲುಗಳನ್ನು ಮಾತ್ರ ಕೆತ್ತಿ ತೆಗೆದಂತೆ.

ಲೆಕ್ಕಪತ್ರದ ಧರ್ಮವನ್ನು ಬಲ್ಲವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ವರ್ಷಾಂತ್ಯದ ಅಢಾವೆ ಪತ್ರಿಕೆ ಎಷ್ಟೇ ಅಂದವಾಗಿ ತಾಳೆಯಾಗಿರಲಿ, ಖಾತೆದಾರನು ನೋಡುವುದು ತನ್ನ ಖಾತೆಯ ಸಾಲನ್ನು. ಸಂಸ್ಥೆಯ ಒಟ್ಟು ಠೇವಣಿ ಸರಿಯಾಗಿದೆ, ಅದರಲ್ಲಿ ನಿಮ್ಮ ಖಾತೆ ಶೇಕಡ ಒಂದರಲ್ಲಿ ನೂರರ ಒಂದು ಭಾಗವೂ ಅಲ್ಲ, ಆದಕಾರಣ ಅದರ ವಿವರ ಕೊಡುವುದಿಲ್ಲ ಎಂದರೆ ಒಪ್ಪುವ ಖಾತೆದಾರನಿಲ್ಲ. ಹಣದ ವಿಷಯದಲ್ಲಿ ನಗೆಗೀಡಾಗುವ ಮಾತು ಉಸಿರಿನ ವಿಷಯದಲ್ಲಿ ನಿಯಮವಾಗಿ ಅಚ್ಚಾಯಿತು.

ನ್ಯೂಯಾರ್ಕ್ ಮೊದಲಾದ ಹನ್ನೆರಡು ರಾಜ್ಯಗಳು 2007ರಲ್ಲಿ ನ್ಯಾಯಾಲಯದ ಮೊರೆಹೊಕ್ಕವು. 2009ರ ಮಾರ್ಚ್ ತಿಂಗಳಿನಲ್ಲಿ ಕಾಂಗ್ರೆಸ್ಸು ತನ್ನ ಆಯವ್ಯಯದ ಕಾಯಿದೆಯ ಮೂಲಕವೇ ಹಳೆಯ ಮಿತಿಯನ್ನು ಮರಳಿ ತಂದಿತು. ಮರುತಿಂಗಳು ಸಂಸ್ಥೆ ತನ್ನ ನಿಯಮವನ್ನು ಅದರಂತೆ ತಿದ್ದಿತು. ಆದರೆ ಈ ಜಯದಿಂದ ನಿಶ್ಚಿಂತರಾಗುವಂತಿಲ್ಲ. ಕಾಯಿದೆಯನ್ನು ರದ್ದುಮಾಡದೆ, ಕಲಮೊಂದನ್ನೂ ಮುಟ್ಟದೆ, ಮಿತಿಯ ಅಂಕಿಗೆ ಒಂದು ಸೊನ್ನೆ ಸೇರಿಸುವುದರಿಂದಲೇ ತಿಳಿಯುವ ಹಕ್ಕನ್ನು ಕುಗ್ಗಿಸಬಹುದೆಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

5

ಭಾರತದ ಕಡೆ ತಿರುಗಿ ನೋಡಿದರೆ, ಅಕ್ಷರಗಳಿಗೆ ಕೊರತೆಯಿಲ್ಲವೆಂಬುದು ಮೊದಲು ಕಾಣುತ್ತದೆ. 1974ರ ಜಲ ಕಾಯಿದೆಯ 25ನೆಯ ಕಲಮು, ಕಾರ್ಖಾನೆಗಳಿಗೆ ವಿಧಿಸಿದ ಷರತ್ತುಗಳ ವಹಿಯನ್ನು ಮಂಡಲಿಗಳು ಇಡಬೇಕೆಂದೂ, ಬಾಧಿತರಾದವರು ಅದನ್ನು ಯುಕ್ತವೇಳೆಯಲ್ಲಿ ನೋಡಬಹುದೆಂದೂ ಹೇಳಿತು. ಇದು ಅಮೆರಿಕದ ಕಾಯಿದೆಗಿಂತ ಹನ್ನೆರಡು ವರ್ಷ ಹಿಂದಿನ ಮಾತು. ಭೋಪಾಲದ ತರುವಾಯ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿಸಿದ 41ಬಿ ಕಲಮು, ಅಪಾಯಕಾರಿ ಪ್ರಕ್ರಿಯೆ ನಡೆಸುವವರು ಕಾರ್ಮಿಕರಿಗೂ ಸುತ್ತಮುತ್ತಲಿನ ಜನರಿಗೂ ಅಪಾಯದ ವಿವರಗಳನ್ನು ತಿಳಿಸತಕ್ಕದ್ದೆಂದು ವಿಧಿಸಿತು. 2003ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪಾಯಕಾರಿ ತ್ಯಾಜ್ಯವನ್ನು ಕುರಿತ ಮೊಕದ್ದಮೆಯಲ್ಲಿ, ಕಾರ್ಖಾನೆಯ ಹೆಬ್ಬಾಗಿಲ ಹೊರಗೆ ಫಲಕವಿಟ್ಟು ಒಳಗಿನ ಅಪಾಯಕಾರಿ ರಾಸಾಯನಿಕಗಳ ಸ್ವರೂಪ ಪ್ರಮಾಣಗಳನ್ನು ಬರೆಯಬೇಕೆಂದು ಆಜ್ಞಾಪಿಸಿತು. ಊರ ಮುಂದೆ ನಿಲ್ಲಿಸುತ್ತಿದ್ದ ಶಾಸನಕಲ್ಲಿಗೆ ಇಷ್ಟು ಹತ್ತಿರವಾದ ಆಜ್ಞೆ ಇನ್ನೊಂದಿಲ್ಲ. 2005ರಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಬಂದಿತು. 2017ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ವಿಸರ್ಜನೆಯ ಕ್ಷಣಕ್ಷಣದ ಅಳತೆಯನ್ನು ರಾಜ್ಯಮಂಡಲಿಗಳ ಜಾಲತಾಣಗಳಲ್ಲಿ ಜನರಿಗೆ ತೋರಿಸುವ ವ್ಯವಸ್ಥೆಯಾಗಬೇಕೆಂದು ಹೇಳಿತು.

ಇಷ್ಟೆಲ್ಲ ಇದ್ದೂ, ಕಾರ್ಖಾನೆ ಕಾರ್ಖಾನೆಗೆ, ವಿಷವಸ್ತು ವಿಷವಸ್ತುವಿಗೆ, ವರ್ಷ ವರ್ಷಕ್ಕೆ ಒಂದೇ ನಮೂನೆಯಲ್ಲಿ ದೇಶವ್ಯಾಪಿಯಾದ ತೆರೆದ ಲೆಕ್ಕವನ್ನು ಕಡ್ಡಾಯಗೊಳಿಸಿದ ಕಾನೂನು ಭಾರತದಲ್ಲಿಲ್ಲ. ಮಾಹಿತಿ ಹಕ್ಕಿನ ಕಾಯಿದೆ ಬಹು ದೊಡ್ಡ ಸಾಧನವೆಂಬುದರಲ್ಲಿ ಸಂದೇಹವಿಲ್ಲ; ಕೇಳುವ ಮುನ್ನವೇ ಪ್ರಕಟಿಸಬೇಕೆಂಬ ಅದರ ನಾಲ್ಕನೆಯ ಕಲಮಂತೂ ಅಮೂಲ್ಯವಾದುದು. ಆದರೆ ಆಚರಣೆಯಲ್ಲಿ ಅದು ಬಹುಮಟ್ಟಿಗೆ ಕೇಳಿದವರಿಗೆ ಕೊಡುವ ಕಾಯಿದೆಯಾಗಿದೆ. ಗೋಡೆಯಾಚೆ ಏನಿದೆಯೆಂದೇ ಅರಿಯದವನು ಏನನ್ನು ಕೇಳಬೇಕೆಂದು ಹೇಗೆ ಅರಿತಾನು? ಭೋಪಾಲದ ಬಸ್ತಿಯವನು ಮೀಥೈಲ್ ಐಸೋಸಯನೇಟ್ ಎಂಬ ಹೆಸರನ್ನು ಕೇಳಿದ್ದು ಸಾವು ಬಂದ ಮೇಲೆ.

2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ದಿಲ್ಲಿಯ ಐ.ಐ.ಟಿ.ಯ ನೆರವಿನಿಂದ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಸೂಚ್ಯಂಕ ಕಟ್ಟಿತು. 70ಕ್ಕೆ ಮೀರಿದ 43 ಪ್ರದೇಶಗಳು ಅತ್ಯಂತ ಮಲಿನವೆಂದು ಘೋಷಿತವಾದವು. ಮುಂಬಯಿಯ ಕನ್ನಡಿಗರಲ್ಲಿ ಅನೇಕ ಕುಟುಂಬಗಳು ನೆಲೆಸಿರುವ ಡೊಂಬಿವಲಿಗೆ 78.41, ಮಂಗಳೂರಿಗೆ 73.68, ಭದ್ರಾವತಿಗೆ 72.33 ಅಂಕಗಳು ಬಂದವು. ಊರು ಬಿಟ್ಟವನಿಗೂ ಊರಲ್ಲೇ ಉಳಿದವನಿಗೂ ಒಂದೇ ಪಟ್ಟಿಯಲ್ಲಿ ಸ್ಥಳ ದೊರೆತದ್ದು ವಿಷಾದದ ಸಂಗತಿ. ಮರುವರ್ಷ ಆ ಪ್ರದೇಶಗಳಲ್ಲಿ ಹೊಸ ಕಾರ್ಖಾನೆಗಳಿಗೆ ಕೆಲವು ಕಾಲ ತಡೆಯೂ ಬಂದುದರಿಂದ ಈ ಶ್ರಮ ನಿಷ್ಫಲವೆನ್ನಲಾಗದು. ಆದರೂ 78.41 ಎಂಬುದು ಶುದ್ಧ ಮೊತ್ತ. ಅದು ಯಾವ ಬಾಗಿಲಿನದು, ಯಾವ ಕೊಳವೆಯದು, ಯಾವ ವಸ್ತುವಿನದು ಎಂಬುದನ್ನು ಆ ಅಂಕಿಯಿಂದ ಡೊಂಬಿವಲಿಯ ಗೃಹಸ್ಥನು ತಿಳಿಯಲಾರನು. 2016ರ ಮೇ ತಿಂಗಳಿನಲ್ಲಿಯೂ 2024ರ ಮೇ ತಿಂಗಳಿನಲ್ಲಿಯೂ ಅಲ್ಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಪ್ರಾಣಹಾನಿಯಾದಾಗ, ಸುತ್ತಣ ಮನೆಗಳ ಕಿಟಕಿಯ ಗಾಜು ಒಡೆದು ಬಿದ್ದಾಗ, ಆ ಸೂಚ್ಯಂಕ ಯಾರಿಗೂ ಯಾವ ಎಚ್ಚರಿಕೆಯನ್ನೂ ಹೇಳುವಂತಿರಲಿಲ್ಲ. ಅಮೆರಿಕದಲ್ಲಿ ನಮೂದನ್ನು ಅಳಿಸಲು ಹೊರಟರು. ಇಲ್ಲಿ ಮೊತ್ತವನ್ನು ಪ್ರಕಟಿಸಿ ನಮೂದನ್ನು ಬರೆಯುವುದನ್ನೇ ಬಿಟ್ಟರು. ಮಹಾರಾಷ್ಟ್ರದ ಮಂಡಲಿಯು 2017ರಲ್ಲಿ ಆರಂಭಿಸಿದ, ಒಂದೊಂದು ಕಾರ್ಖಾನೆಯ ಚಿಮಣಿಗೂ ಅದರ ಧೂಳಿನ ಪ್ರಮಾಣಕ್ಕೆ ತಕ್ಕಂತೆ ನಕ್ಷತ್ರಗಳನ್ನು ಕೊಟ್ಟು ಹೆಸರು ಸಹಿತ ಪ್ರಕಟಿಸುವ ಯೋಜನೆ, ಧೂಳಿಗೆ ಸೀಮಿತವಾಗಿದ್ದರೂ, ನಮೂದಿನ ಕಡೆಗೆ ಇಟ್ಟ ಹೆಜ್ಜೆಯೆಂದು ಹೇಳಬೇಕು.

ನಮೂದಿನೊಡನೆ ಭಾಷೆಯ ಪ್ರಶ್ನೆಯೂ ಹೆಣೆದುಕೊಂಡಿದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಪರಿಸರ ಪರಿಣಾಮದ ಪರಿಶೀಲನೆಯನ್ನು ಕುರಿತ ಕರಡು ಅಧಿಸೂಚನೆಯನ್ನು ಇಂಗ್ಲಿಷ್ ಹಿಂದಿಗಳಲ್ಲಿ ಮಾತ್ರ ಹೊರಡಿಸಿತು. ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯ ಜೂನ್ 30ರಂದು ಹೇಳಿತು. ಆಗಸ್ಟ್ ತಿಂಗಳಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ, ಜನರಿಗೆ ಅವರ ಭಾಷೆಯಲ್ಲಿ ತಕ್ಕ ಪ್ರಚಾರ ದೊರೆತಿಲ್ಲವೆಂಬ ವಾದವನ್ನು ಆಲಿಸಿ, ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಎಲ್ಲೆಯ ವಿವರ ಬಂದೊಡನೆ ಕನ್ನಡಕ್ಕೆ ತಿರುಗಿದ ತಾಮ್ರಪಟದ ಬರಹಗಾರನಿಗೆ ಗೊತ್ತಿದ್ದುದನ್ನು ನ್ಯಾಯಾಲಯ ನೆನಪಿಸಬೇಕಾಯಿತು.

6

ಈ ವಿಚಾರಕ್ಕೆ ಎದುರಾಗಿ ಬರುವ ಆಕ್ಷೇಪಗಳು ಮೂರು. ವ್ಯಾಪಾರದ ಗುಟ್ಟು ಹೊರಬೀಳುವುದು, ದುಷ್ಟರಿಗೆ ಅಪಾಯದ ಸ್ಥಳಗಳ ಸುಳಿವು ದೊರೆಯುವುದು, ಜನ ಅಕಾರಣವಾಗಿ ಗಾಬರಿಗೊಳ್ಳುವುದು. ಇವು ಉಪೇಕ್ಷಿಸತಕ್ಕವಲ್ಲ. ಅಮೆರಿಕದ ಕಾಯಿದೆಯೂ ಗುಟ್ಟಿಗೆ ಅವಕಾಶವಿಟ್ಟಿದೆ. ಆದರೆ ಗುಟ್ಟೆಂದು ಹೇಳುವವನೇ ಅದನ್ನು ಸಮರ್ಥಿಸಬೇಕು. ಭಾರತದ ಮಾಹಿತಿ ಹಕ್ಕಿನ ಕಾಯಿದೆಯ ಎಂಟನೆಯ ಕಲಮೂ ವ್ಯಾಪಾರ ರಹಸ್ಯವನ್ನು ಕಾಯುತ್ತದೆ. ವಿಶಾಲವಾದ ಸಾರ್ವಜನಿಕ ಹಿತ ಎದುರಾದಾಗ ಅದು ಬಾಗಬೇಕೆಂದೂ ಹೇಳುತ್ತದೆ. ತಯಾರಿಕೆಯ ಕ್ರಮ ಒಡೆಯನ ಸೊತ್ತಾಗಿರಬಹುದು. ಗೋಡೆಯನ್ನು ದಾಟಿ ಹೊರಬಂದ ವಿಷ ಅವನ ಸೊತ್ತಾಗಿ ಉಳಿಯುವುದಿಲ್ಲ, ಅದರ ಲೆಕ್ಕವೂ ಉಳಿಯಲಾಗದು. ಎರಡನೆಯ ಆಕ್ಷೇಪಕ್ಕೆ ಉತ್ತರ, ಕಾರ್ಖಾನೆಯ ರಕ್ಷಣೆಯ ಏರ್ಪಾಡುಗಳನ್ನು ಗೋಪ್ಯವಾಗಿಡುವುದು. ವಿಸರ್ಜನೆಯ ವಾರ್ಷಿಕ ಲೆಕ್ಕವನ್ನು ಮುಚ್ಚುವುದಲ್ಲ. ಗಾಬರಿಯ ಮಾತಿಗೆ ಭೋಪಾಲವೇ ಉತ್ತರ. ಅಲ್ಲಿಯ ಜನ ಹೆಚ್ಚು ತಿಳಿದು ಗಾಬರಿಗೊಳ್ಳಲಿಲ್ಲ. ಏನೂ ತಿಳಿಯದೆ ಗಾಳಿ ಬೀಸಿದ ದಿಕ್ಕಿಗೇ ಓಡಿದವರು ಅವರಲ್ಲಿ ಹಲವರು.

ಹಳೆಯ ಶಾಸನಗಳ ಕೊನೆಯಲ್ಲಿ ಶಾಪಾಶಯದ ಸಾಲುಗಳಿರುತ್ತವೆ. ಬರಹವನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಧಾಟಿಯ ಮಾತುಗಳು ಓದುಗರಿಗೆ ಪರಿಚಿತವಾದವು. ದತ್ತಿಯನ್ನು ಕೊಟ್ಟರೆ ಸಾಲದು, ದತ್ತಿಯ ದಾಖಲೆಯನ್ನೂ ಕಾಪಾಡಬೇಕೆಂಬ ಎಚ್ಚರ ಅದರಲ್ಲಿದೆ. ಇಂದಿನ ಶಾಸನಗಳಿಗೆ ಶಾಪದ ಬಲವಿಲ್ಲ. 2006ರ ನಿಯಮವನ್ನು ಹಿಂದೆಗೆಯುವಂತೆ ಮಾಡಿದ್ದು, ವರ್ಷ ವರ್ಷವೂ ಆ ಪಟ್ಟಿಯನ್ನು ತೆರೆದು ತಮ್ಮ ಊರಿನ ಸಾಲನ್ನು ಓದುತ್ತಿದ್ದ ಜನ. ಓದುವವರಿದ್ದುದರಿಂದ ಅಳಿಸಿದ್ದು ಕಣ್ಣಿಗೆ ಬಿದ್ದಿತು. ಭಾರತದಲ್ಲಿ ಅಂಥ ಪಟ್ಟಿ ಬರಬೇಕು, ಕಾರ್ಖಾನೆಯ ಹೆಸರು ಸಹಿತವಾಗಿ, ಆಯಾ ನೆಲದ ಭಾಷೆಯಲ್ಲಿ ಬರಬೇಕು. ಬಂದ ದಿನ ಡೊಂಬಿವಲಿಯವರೂ ಭದ್ರಾವತಿಯವರೂ ದೇಶದ ಮೊತ್ತವನ್ನು ಬಿಟ್ಟು ಮೊದಲು ತಮ್ಮ ಬೀದಿಯ ನಮೂದನ್ನು ನೋಡಬೇಕು.